ಪೆನ್ನು ಹಿಡಿದ ಮೊದಲನೆಯವಳು

ನನ್ನ ಉಮ್ಮ, ನನ್ನ ಹೆತ್ತವಳು, ಬಾಯಿ ಮುಚ್ಚಿ ಕೂತವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಮೊಮ್ಮಗಳು ರಂಸೀನಾ ಅವಳನ್ನು ಮೂರು ಸಲ ಬಾಯಿ ಮುಚ್ಚಿಸಿ ಕೂರಿಸಿದ್ದಾಳೆ. ಒಂದು ಸಲ ಕಥೆಯಲ್ಲಿ, ಒಂದು ಸಲ ಕವಿತೆಯಲ್ಲಿ, ಮತ್ತೊಂದು ಸಲ ಪ್ರಬಂಧದಲ್ಲಿ. ಮೂರೂ ಅಚ್ಚಾಗಿವೆ. ಪುತ್ತೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುವ ಹುಡುಗಿ, ಇಪ್ಪತ್ತಾರು ವರ್ಷ, ಬರೆದದ್ದನ್ನು ಪತ್ರಿಕೆಯವರು ಕೇಳಿ ಪಡೆದು ಹಾಕುತ್ತಾರೆ. ಈಗ ಎಲ್ಲವನ್ನೂ ಒಟ್ಟು ಸೇರಿಸಿ ಪುಸ್ತಕ ಮಾಡುತ್ತಾರಂತೆ. ಮಾಡಲಿ. ಅವಳ ಫೋಟೋ ಬಂದಾಗ ನೆರೆಮನೆಗೆಲ್ಲ ತೋರಿಸಿ ಬಂದವಳು ನಾನೇ. ಆದರೆ ಫೋಟೋ ನೋಡುವುದು ಬೇರೆ, ಓದುವುದು ಬೇರೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕನ್ನಡಕ ಹಾಕಿ, ಸಾಲಿನ ಕೆಳಗೆ ಬೆರಳು ಇಟ್ಟು, ಎರಡು ದಿನ ಕೂತು ಮೂರನ್ನೂ ಓದಿದೆ. ಓದಿ ಮುಗಿಸುವಾಗ ಒಲೆಯ ಮೇಲಿದ್ದ ಹಾಲು ಉಕ್ಕಿ ಬತ್ತಿ ಕರಟಿತ್ತು. ಏಳಲಿಲ್ಲ. ಅಷ್ಟು ಸಿಟ್ಟು ಬಂದಿತ್ತು.

ಕಥೆಯಲ್ಲಿ ಒಂದು ಕತ್ತಲೆಯ ಅಡುಗೆಮನೆ ಉಂಟು. ಅದರೊಳಗೆ ಒಬ್ಬಳು ಹೆಂಗಸು ಅಳುತ್ತಾಳೆ, ಗಂಡ ಬಂದು ಹೊಡೆಯುತ್ತಾನೆ, ಮಗಳ ಪುಸ್ತಕವನ್ನು ಕಿತ್ತು ಒಲೆಗೆ ಹಾಕುತ್ತಾನೆ. ಕವಿತೆಯಲ್ಲಿ ಅದೇ ಹೆಂಗಸಿನ ಮೌನ ಹೊಗೆಯಾಗಿ ಮಾಡಿನ ಹಂಚಿನ ಎಡೆಯಿಂದ ಹೊರಗೆ ಹೋಗುತ್ತದೆ. ಪ್ರಬಂಧ ಮಾತ್ರ ನಿಜ ಸಂಗತಿ ಎಂದು ಬರೆದದ್ದು. ಅದರಲ್ಲಿ ನನ್ನ ಹೆಸರು, ನನ್ನ ಉಮ್ಮನ ಹೆಸರು, ಸವಣೂರಿನ ನಮ್ಮ ಮನೆ, ಎಲ್ಲ ಇದೆ. ಕೊನೆಯ ಸಾಲು ಹೀಗೆ: ‘ನಮ್ಮ ಮನೆಯ ಹೆಂಗಸರಲ್ಲಿ ಪೆನ್ನು ಹಿಡಿದ ಮೊದಲನೆಯವಳು ನಾನು.’ ಈ ಸಾಲನ್ನು ಓದಿ ಎಷ್ಟೋ ಜನ ಅತ್ತರಂತೆ. ಪುಸ್ತಕದ ಹಿಂದಿನ ರಟ್ಟಿನ ಮೇಲೆ ಅದನ್ನೇ ಹಾಕುವುದಂತೆ. ಹಾಗಾದರೆ ಆ ಮನೆ ಹೇಗಿತ್ತು ಎಂದು ನಾನು ಹೇಳಬೇಕಾಗುತ್ತದೆ. ಅದರಲ್ಲಿ ಇದ್ದು ಈಗ ಉಳಿದವಳು ನಾನೊಬ್ಬಳೇ.

ಅಡುಗೆಮನೆ ಕತ್ತಲೆ ಇರಲಿಲ್ಲ. ಅದಕ್ಕೆ ಎರಡು ಕಿಟಕಿ ಇತ್ತು, ಒಂದರಲ್ಲಿ ನೆರೆಮನೆಯ ಕಮಲಕ್ಕನ ಬಾವಿ ಕಾಣುತ್ತಿತ್ತು, ಇನ್ನೊಂದರಲ್ಲಿ ರಸ್ತೆ. ಸವಣೂರು ಪೇಟೆಯಿಂದ ಸ್ವಲ್ಪ ಒಳಗೆ, ಬಾಡಿಗೆಯ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಎದುರಿಗೆ ಉದ್ದದ ಜಗಲಿ. ಒಂದು ಕೋಣೆಯಲ್ಲಿ ಒಣಮೀನಿನ ಚೀಲಗಳು, ಯಾಕೆಂದರೆ ಉಪ್ಪನದ್ದು, ನನ್ನ ತಂದೆಯದ್ದು, ಒಣಮೀನಿನ ವ್ಯಾಪಾರ. ಇನ್ನೊಂದರಲ್ಲಿ ನಾವೆಲ್ಲ ಮಲಗುವುದು. ಜಗಲಿಯಲ್ಲಿ ಬೀಡಿ ಕಟ್ಟುವುದು. ಹಾಗಾಗಿ ಮನೆಯ ಹಿಂದಿನ ಭಾಗ ಮೀನು ನಾರುತ್ತಿತ್ತು, ಮುಂದಿನ ಭಾಗ ಹೊಗೆಸೊಪ್ಪು ನಾರುತ್ತಿತ್ತು. ನಡುವಿನಲ್ಲಿ ನಿಂತರೆ ಎರಡೂ. ಶಾಲೆಯಲ್ಲಿ ಮಕ್ಕಳು ನನ್ನ ಹತ್ತಿರ ಕೂರುತ್ತಿರಲಿಲ್ಲ. ಅದನ್ನು ಯಾರೂ ಕವಿತೆ ಮಾಡಲಿಲ್ಲ.

ಉಪ್ಪ ಹೊಡೆಯುವ ಗಂಡಸಲ್ಲ. ಕೋಳಿ ಕೊಯ್ಯಬೇಕಾದರೂ ಬೇರೆಯವರನ್ನು ಕರೆಯುತ್ತಿದ್ದ. ಬೆಳಿಗ್ಗೆ ಗಂಜಿ ಕುಡಿದು, ಚೀಲ ಬಸ್ಸಿನ ಮೇಲೆ ಹಾಕಿ ಕಡಬದ ಕಡೆಗೆ ಹೋದರೆ ಸಂಜೆ ಬರುತ್ತಿದ್ದ. ಬಂದು ಜಗಲಿಯ ತುದಿಯಲ್ಲಿ ಕಾಲು ತೊಳೆದು, ಉಮ್ಮನ ಮುಖ ನೋಡಿ, ಇವತ್ತು ಒಳಗೆ ಹೋಗಬಹುದಾ ಇಲ್ಲವಾ ಎಂದು ಅಳತೆ ಮಾಡಿ ಆಮೇಲೆ ಮೆಟ್ಟಿಲು ಹತ್ತುತ್ತಿದ್ದ. ಅಂಥವನನ್ನು ಪುಸ್ತಕ ಸುಡುವವನಾಗಿ ಮಾಡಿದಳಲ್ಲ ಈ ಹುಡುಗಿ! ನನ್ನ ಶಾಲೆ ಬಿಡಿಸಿದವಳು ಉಮ್ಮ. ಬೀಡಿಯ ಎಲೆ ಕತ್ತರಿಸಲು ಕೈ ಬೇಕಿತ್ತು, ನನ್ನ ಕೈ ಇತ್ತು, ಬಿಡಿಸಿದಳು. ಉಪ್ಪ ಬೇಡ ಎಂದು ಒಂದು ಮಾತು ಹೇಳಿದ್ದಕ್ಕೆ ಎರಡು ದಿನ ಅವನ ತಟ್ಟೆಗೆ ಚಟ್ನಿ ಬೀಳಲಿಲ್ಲ. ಒಣಮೀನು ಸುಟ್ಟು, ತೆಂಗಿನಕಾಯಿ, ಒಣಮೆಣಸು ಹಾಕಿ ಅರೆದ ಆ ಚಟ್ನಿ ಇಲ್ಲದೆ ಅವನಿಗೆ ಗಂಜಿ ಇಳಿಯುತ್ತಿರಲಿಲ್ಲ. ಮೂರನೆಯ ದಿನ ಅವನ ಬಾಯಿ ಮುಚ್ಚಿತು. ನಮ್ಮ ಮನೆಯಲ್ಲಿ ಮೌನ ಯಾರದ್ದು ಎಂದು ಈಗ ಗೊತ್ತಾಯಿತಲ್ಲ.

ಜಗಲಿಯಲ್ಲಿ ಊಟ ಮುಗಿದ ಮೇಲೆ ಐದಾರು ಹೆಂಗಸರು ಸೇರುತ್ತಿದ್ದರು. ಅವರವರ ಮೊರ ಅವರವರ ಮಡಿಲಲ್ಲಿ. ನೆನೆಸಿದ ಎಲೆಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನಡುವೆ ಇಡುವುದು, ತಗಡಿನ ಅಳತೆ ಇಟ್ಟು ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ತುಂಬಿ ಸುರುಟುವುದು, ದಾರ ಸುತ್ತುವುದು. ಮಕ್ಕಳಿಗೆ ಬೀಡಿಯ ಬಾಯಿ ಮಡಚುವ ಕೆಲಸ. ಕೈಗೆ ಕೆಲಸ ಇದ್ದರೂ ಬಾಯಿ ಖಾಲಿ. ಆ ಖಾಲಿ ಬಾಯಿಗಳಿಗೆಲ್ಲ ಉಣ್ಣಿಸುತ್ತಿದ್ದವಳು ನನ್ನ ಉಮ್ಮ ಆಯಿಸುಮ್ಮ. ಹಾಡು ಕಟ್ಟುತ್ತಿದ್ದಳು. ದೇವರ ಹಾಡಲ್ಲ. ಯಾರ ಸೊಸೆ ಯಾರಿಗೆ ಉತ್ತರ ಕೊಟ್ಟಳು, ಯಾವ ಮದುವೆಯಲ್ಲಿ ಯಾರು ಎರಡು ಸಲ ಊಟಕ್ಕೆ ಕೂತರು, ಗಲ್ಫಿನಿಂದ ಬಂದವನು ಕನ್ನಡಕ ತೆಗೆಯದೆ ಹೇಗೆ ಬಾವಿಕಟ್ಟೆಗೆ ಎಡವಿದ, ಇದೆಲ್ಲ ಹಾಡು. ಬೀಡಿಗೆ ದಾರ ಸುತ್ತುವಾಗ ಒಂದು ಸಾಲು, ಗಂಟು ಹಾಕುವಾಗ ಇನ್ನೊಂದು ಸಾಲು. ಮದುವೆಮನೆಯಲ್ಲಿ ಹೆಂಗಸರು ಕೈ ತಟ್ಟಿ ಹಾಡುವುದು ಉಂಟಲ್ಲ, ಅದಕ್ಕೆ ಮೊದಲೇ ಬಂದು ಕೇಳಿ ಕಲಿತುಕೊಂಡು ಹೋಗುತ್ತಿದ್ದರು. ಹಾಡಿಗೆ ಸಿಕ್ಕಿದವರು ಜಗಳಕ್ಕೂ ಬರುತ್ತಿದ್ದರು. ಒಬ್ಬಳು ಮೊರ ತಲೆಕೆಳಗೆ ಮಾಡಿ ಪುಡಿಯನ್ನೆಲ್ಲ ಅಂಗಳಕ್ಕೆ ಸುರಿದು ಹೋದದ್ದು ನನಗೆ ನೆನಪುಂಟು. ಅವಳು ಗೇಟು ದಾಟುವ ಮೊದಲೇ ಉಮ್ಮ ಅದನ್ನೂ ಹಾಡು ಮಾಡಿದ್ದಳು.

“ಆಯಿಸುಮ್ಮ, ನನ್ನ ಮೇಲೆ ಎಂತ ಕಟ್ಟಿದ್ದಿ? ಹೇಳು ಮಾರಾಯ್ತಿ,” ಎಂದು ಕಮಲಕ್ಕ ಆಗಾಗ ಕೇಳುತ್ತಿದ್ದಳು. ಅವಳದ್ದು ತುಳು, ನಮ್ಮದು ಬ್ಯಾರಿ, ಆದರೆ ಜಗಲಿಯಲ್ಲಿ ಎಲ್ಲರಿಗೂ ಎಲ್ಲ ತಿಳಿಯುತ್ತಿತ್ತು.

“ನಿನ್ನ ಮೇಲೆ ಕಟ್ಟಲಿಕ್ಕೆ ನೀನು ಒಂದು ತಪ್ಪಾದ್ರೂ ಮಾಡ್ಬೇಕಲ್ಲಾ. ಬರೀ ಒಳ್ಳೆಯವಳು. ಉಪ್ಪಿಲ್ಲದ ಗಂಜಿ ನೀನು.”

“ಹಾಗಾದ್ರೆ ನಾಳೆಯೇ ಒಂದು ತಪ್ಪು ಮಾಡಿ ಬರ್ತೇನೆ.”

ಬಾಯಲ್ಲಿ ಹಾಡಿ ಬಿಡುತ್ತಿದ್ದಳು ಅಷ್ಟೇ ಎಂದುಕೊಳ್ಳಬೇಡಿ. ಬರೆಯುತ್ತಿದ್ದಳು. ಕನ್ನಡದ ಒಂದು ಅಕ್ಷರವೂ ಅವಳಿಗೆ ಗೊತ್ತಿರಲಿಲ್ಲ, ನಿಜ. ಆದರೆ ಚಿಕ್ಕಂದಿನಲ್ಲಿ ಮದರಸದಲ್ಲಿ ಅರಬಿ ಅಕ್ಷರ ಕಲಿತಿದ್ದಳು. ಅದೇ ಅಕ್ಷರದಲ್ಲಿ ನಮ್ಮ ಮಾತನ್ನು ಬರೆಯುತ್ತಿದ್ದಳು, ಬಲದಿಂದ ಎಡಕ್ಕೆ. ಒಂದು ಉದ್ದದ ಪುಸ್ತಕ, ಕೆಂಪು ಬೈಂಡು, ಉಪ್ಪ ವ್ಯಾಪಾರಕ್ಕೆಂದು ತಂದದ್ದನ್ನು ಕಿತ್ತುಕೊಂಡಿದ್ದಳು. ಕೆಲಸ ಮುಗಿಸಿ, ಕೈಯ ಹೊಗೆಸೊಪ್ಪಿನ ಕಹಿಯನ್ನು ಬೂದಿ ಹಾಕಿ ತೊಳೆದು, ಕಿಟಕಿಯ ಬುಡದಲ್ಲಿ ಕೂತು ಬರೆಯುತ್ತಿದ್ದಳು. ಬರೆಯುವಾಗ ಯಾರಾದರೂ ಮಾತಾಡಿಸಿದರೆ ಪೆನ್ನು ಎತ್ತಿ ಹೊಡೆಯಲು ಬರುತ್ತಿದ್ದಳು. ಪೆನ್ನು, ರಂಸೀನಾ, ಪೆನ್ನು. ನೀಲಿ ಶಾಯಿಯದ್ದು. ಮದರಸಕ್ಕೆ ನಾನೂ ಹೋಗುತ್ತಿದ್ದೆ, ಹಾಗಾಗಿ ಆ ಪುಸ್ತಕ ನನಗೆ ಓದಲು ಬರುತ್ತಿತ್ತು. ಮನೆಯಲ್ಲಿ ಬೇರೆ ಯಾರೂ ಅದನ್ನು ಓದುತ್ತಿರಲಿಲ್ಲ. ಉಪ್ಪನಾಗಲಿ ಅಣ್ಣನಾಗಲಿ ಅದರ ಗೊಡವೆಗೇ ಹೋಗುತ್ತಿರಲಿಲ್ಲ. ಉಪ್ಪನ ಅಕ್ಕ, ವಿಧವೆ, ನಮ್ಮ ಜೊತೆಗೇ ಇದ್ದವಳು, ನಾನು ಮಾಮಿ ಎಂದು ಕರೆಯುವುದು, ಅವಳಿಗೆ ದುವಾ, ಪ್ರಾರ್ಥನೆ ಎಲ್ಲ ಬಾಯಿಪಾಠ, ಅಕ್ಷರ ಮಾತ್ರ ಓದಲು ಬಾರದು, ಉಮ್ಮ ಬರೆಯುವುದು ಬೀಡಿಯ ಲೆಕ್ಕ ಎಂದೇ ತಿಳಿದಿದ್ದಳು. ಅದು ಅವಳ ಪುಣ್ಯ. ಯಾಕೆಂದರೆ ಪುಸ್ತಕದ ಮೊದಲ ಹಾಡೇ ಅವಳ ಮೇಲೆ. ಮಾಮಿ ಊಟಕ್ಕೆ ಕೂತರೆ ಮೀನಿನ ದೊಡ್ಡ ತುಂಡನ್ನು ಅನ್ನದ ಅಡಿಗೆ ಹೂತು ಏನೂ ಸಿಗದವಳ ಹಾಗೆ ಉಣ್ಣುತ್ತಿದ್ದಳು. ಉಮ್ಮ ಬರೆದಳು:

ಮಾಮಿಯ ಬಟ್ಟಲಲ್ಲಿ ಅನ್ನ ಮೇಲೆ, ಮೀನು ಕೆಳಗೆ,
ಮಾಮಿಯ ಬಾಯಲ್ಲಿ ದುವಾ ಮೇಲೆ, ಚಾಡಿ ಕೆಳಗೆ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಮೇಷ್ಟ್ರು ಏನೋ ಪಟ್ಟಿ ಬರೆಯುತ್ತಿದ್ದರು. ಯಾರ ಯಾರ ತಾಯಿಗೆ ಬರೆಯಲು ಬರುತ್ತದೆಯೋ ಅವರು ಕೈ ಎತ್ತಿ ಎಂದರು. ಅಂಚೆಯವರ ಮಗಳು ಎತ್ತಿದಳು, ಡಾಕ್ಟರ ಮಗ ಎತ್ತಿದ. ನನ್ನ ಕೈ ತೊಡೆಯ ಮೇಲಿನಿಂದ ಒಂದು ಗೇಣು ಮೇಲೆ ಹೋದದ್ದು ನನಗೆ ಚೆನ್ನಾಗಿ ನೆನಪುಂಟು. ಎತ್ತಿದರೆ ಯಾವ ಅಕ್ಷರ ಎಂದು ಕೇಳುತ್ತಾರೆ. ಹೇಳಿದರೆ ಹಿಂದಿನಿಂದ ಮುಂದಕ್ಕೆ ಬರೆಯುವುದಾ ಎಂದು ನಗುತ್ತಾರೆ. ಮೀನು ನಾರುತ್ತದೆಂದು ಮೊದಲಿನಿಂದಲೇ ನಗುತ್ತಿದ್ದರು, ಇನ್ನು ಇದೊಂದು ಬೇಡ. ಮೇಷ್ಟ್ರು ನನ್ನ ಕಡೆ ನೋಡಿದರು.

“ಖತೀಜ, ನಿನ್ನ ತಾಯಿಗೆ?”

“ಬರುದಿಲ್ಲ ಸಾರ್. ಅವರಿಗೆ ಎಂತದ್ದೂ ಬರುದಿಲ್ಲ.”

ಎಂತದ್ದೂ ಎಂಬುದನ್ನು ಯಾರೂ ಕೇಳಿರಲಿಲ್ಲ. ಅದನ್ನು ನಾನೇ ಸೇರಿಸಿದ್ದು. ಕಮಲಕ್ಕನ ಮಗಳು ಸುಮತಿ ನನ್ನ ಕ್ಲಾಸಿನಲ್ಲೇ ಇದ್ದಳು. ಅವಳು ಮನೆಗೆ ಹೋಗಿ ಹೇಳಿದಳು, ಕಮಲಕ್ಕ ಬೀಡಿ ಕಟ್ಟುತ್ತ ನಗೆಯ ಮಾತೆಂದು ಉಮ್ಮನಿಗೆ ಹೇಳಿದಳು. ಒಳ್ಳೆಯವರಿಗೆ ಯಾವ ಮಾತು ಎಲ್ಲಿ ತಾಗುತ್ತದೆ ಎಂದು ಗೊತ್ತಾಗುವುದಿಲ್ಲ. ಉಮ್ಮ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಎರಡು ದಿನದಲ್ಲಿ ಮರೆಯುತ್ತಿದ್ದೆ. ಮರುದಿನ ಜಗಲಿ ತುಂಬ ಹೆಂಗಸರಿದ್ದಾಗ, ನಾನು ಬೀಡಿಯ ಬಾಯಿ ಮಡಚುತ್ತ ಕೂತಿದ್ದಾಗ, ತಲೆ ಎತ್ತದೆ ಶುರು ಮಾಡಿದಳು. ಹಾಡು ನಮ್ಮ ಭಾಷೆಯದ್ದು, ಕನ್ನಡದಲ್ಲಿ ಹೇಳಿದರೆ ಅದರ ಹಲ್ಲು ಅರ್ಧ ಉದುರುತ್ತದೆ. ಆದರೂ ಹೀಗೆ:

ಎಲೆಯ ಕೊಯ್ಯಲು ಕತ್ತರಿ ಉಂಟು, ದಾರಕೆ ನನ್ನ ಉಗುರುಂಟು,
ಉಮ್ಮನ ಅಕ್ಷರ ನುಂಗಿದ ಮಗಳಿಗೆ ಬೆಕ್ಕಿನ ಹಾಗೆ ಬಾಯುಂಟು.
ಮೀನನು ಕದ್ದ ಬೆಕ್ಕಿನ ಗಂಟಲು ಮುಳ್ಳು ಸಿಕ್ಕಿ ಕೆಮ್ಮುವುದು,
ಅಕ್ಷರ ಕದ್ದ ಮಗಳೇ, ನಿನ್ನ ಗಂಟಲಿನೊಳಗೆ ಎಂತ ಉಂಟು?

ಹೆಂಗಸರು ಮೊರ ಅಲುಗುವಷ್ಟು ನಕ್ಕರು. ಮಾಮಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಆ ಮಳೆಗಾಲವಿಡೀ ಕೇರಿಯ ಮಕ್ಕಳು ನನ್ನನ್ನು ನೋಡಿದರೆ ಕೆಮ್ಮುತ್ತಿದ್ದರು. ಮುಂದಿನ ವರ್ಷ ಉಮ್ಮ ಶಾಲೆ ಬಿಡಿಸಿದಾಗ ನಾನು ಅಳಲಿಲ್ಲ, ಅಲ್ಲಿಯೂ ಕೆಮ್ಮು ಇತ್ತು. ಆದರೆ ಆ ಕೆಂಪು ಪುಸ್ತಕವನ್ನು ಆಮೇಲೆ ಒಂದು ಸಲವೂ ಕೈಯಲ್ಲಿ ಹಿಡಿಯಲಿಲ್ಲ. ಉಮ್ಮ ಒಳಗೆ ಕರೆದು ಹೊಸ ಹಾಡು ಓದಿ ಹೇಳು ಎಂದರೆ ಕಣ್ಣು ಕಾಣುವುದಿಲ್ಲ ಎನ್ನುತ್ತಿದ್ದೆ. ಹನ್ನೊಂದು ವರ್ಷದ ಹುಡುಗಿಗೆ ಕಣ್ಣು ಕಾಣುವುದಿಲ್ಲವಂತೆ. ಅವಳಿಗೆ ತಿಳಿಯುತ್ತಿತ್ತು. ಅವಳೂ ಬಗ್ಗಲಿಲ್ಲ, ನಾನೂ ಬಗ್ಗಲಿಲ್ಲ. ಅವಳದ್ದೇ ರಕ್ತ.

ನನಗೆ ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಉಮ್ಮ ತೀರಿಕೊಂಡಳು. ಎದೆಯ ಕಾಯಿಲೆ, ಅಷ್ಟು ವರ್ಷ ಆ ಪುಡಿ ಒಳಗೆ ಹೋದರೆ ಇನ್ನೇನಾಗುತ್ತದೆ. ಕೆಲವು ದಿನ ಬಿಟ್ಟು ಮನೆ ಗುಡಿಸಿ ಹೆಣ್ಣುಮಕ್ಕಳು ಅವಳ ಸಾಮಾನು ತೆಗೆದೆವು. ನಮ್ಮಲ್ಲಿ ಅರಬಿ ಅಕ್ಷರದ ಕಾಗದವನ್ನು ಕಸಕ್ಕೆ ಹಾಕುವಂತಿಲ್ಲ. ದೇವರ ವಚನ ಅದರಲ್ಲಿ ಇರಬಹುದು. ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಟ್ಟು ಕಣ್ಣಿಗೆ ಒತ್ತಿಕೊಳ್ಳಬೇಕು, ಹಳತಾಗಿ ಹರಿದರೆ ಹರಿಯುವ ನೀರಿಗೆ ಬಿಡಬೇಕು. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಹಾಗೆ ಹರಿದ ಹಾಳೆಗಳಿದ್ದವು, ಮಕ್ಕಳ ಮದರಸದ ಪುಸ್ತಕಗಳಿದ್ದವು, ಅವುಗಳ ಕೆಳಗೆ ಆ ಕೆಂಪು ಬೈಂಡು ಇತ್ತು. ಮಾಮಿ ಅದನ್ನು ತೆಗೆದಳು. ತಲೆಗೆ ಬಟ್ಟೆ ಎಳೆದುಕೊಂಡಳು. ಮೊದಲ ಹಾಳೆ ತೆರೆದು ನೋಡಿ, ಅರಬಿ ಅಕ್ಷರದ ಆಕಾರ ಕಂಡು, ಎರಡೂ ಕೈಯಲ್ಲಿ ಹಿಡಿದು ಮುತ್ತಿಟ್ಟಳು. ಮುತ್ತಿಟ್ಟದ್ದು ಎಲ್ಲಿಗೆ? ತನ್ನ ಮೀನಿನ ತುಂಡಿನ ಮೇಲೆ, ತನ್ನ ಚಾಡಿಯ ಮೇಲೆ. ಆಮೇಲೆ ಅದನ್ನು ಕಣ್ಣಿಗೆ ಒತ್ತಿಕೊಂಡು ಅತ್ತಳು.

“ಎಷ್ಟು ಬರೆದಿದ್ದಾಳೆ ನೋಡು, ಪಾಪ! ಆ ಬಾಯಿ ಇದ್ದವಳಿಗೆ ಒಳಗೆ ಇಷ್ಟು ಭಕ್ತಿ ಇತ್ತಾ? ನಮಗೆ ಗೊತ್ತೇ ಆಗ್ಲಿಲ್ಲ ಅಲ್ವಾ ಖತೀಜ?”

ನಾನು ಬಾಗಿಲ ಹತ್ತಿರ ನಿಂತಿದ್ದೆ. ಮಾಮಿ, ಅದು ಹಾಡು, ನಿನ್ನ ಮೇಲಿನದ್ದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಜಗಳ ಆಗುತ್ತಿತ್ತು, ಆದರೆ ಪುಸ್ತಕ ಉಳಿಯುತ್ತಿತ್ತು. ಸಾವಿನ ಮನೆಯಲ್ಲಿ ಜಗಳ ಬೇಡ ಎಂದು ಸುಮ್ಮನಿದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅದರೊಳಗೆ ಎಲ್ಲೋ ನನ್ನ ಹಾಡೂ ಇತ್ತು. ಅದು ಹೋಗಲಿ ಎಂದು ಸುಮ್ಮನಿದ್ದೆ. ನನ್ನ ಅಣ್ಣ ಕೈಕಾಲು ಮುಖ ತೊಳೆದು ಬಂದು, ಮಾಮಿ ಬಿಳಿ ಬಟ್ಟೆಯಲ್ಲಿ ಕಟ್ಟಿಕೊಟ್ಟ ಗಂಟನ್ನು ತಲೆಯ ಮೇಲೆ ಇಟ್ಟುಕೊಂಡು ಹೋದ. ಕುಮಾರಧಾರೆಯಲ್ಲಿ ಆಳ ಇದ್ದ ಕಡೆ ನೋಡಿ ಬಿಟ್ಟು ಬಂದನಂತೆ. ಊರಿನ ಅತ್ತೆಯಂದಿರನ್ನು, ಸೊಸೆಯಂದಿರನ್ನು, ಎರಡು ಸಲ ಉಂಡವರನ್ನು, ಕನ್ನಡಕದವನನ್ನು, ಎಲ್ಲರನ್ನೂ ಹೊಳೆ ತೆಗೆದುಕೊಂಡಿತು. ಆ ಸಂಜೆ ನಾನು ಎರಡು ಬಟ್ಟಲು ಗಂಜಿ ಉಂಡೆ.

ಮೊನ್ನೆ ಶುಕ್ರವಾರ ರಂಸೀನಾ ಪುತ್ತೂರಿನಿಂದ ಬಂದಳು, ಕಂಪ್ಯೂಟರ್ ಚೀಲ ಹೆಗಲಿಗೆ ಹಾಕಿಕೊಂಡು. ಅವಳು ಚಪ್ಪಲಿ ಬಿಡುವ ಮೊದಲೇ ನಾನು ಶುರು ಮಾಡಿದೆ. ಉಪ್ಪನ ವಿಷಯ, ಅಡುಗೆಮನೆಯ ವಿಷಯ, ಮೌನದ ವಿಷಯ, ಎಲ್ಲ ಬೈದೆ. ಕಥೆಯೆಂದರೆ ಕಲ್ಪನೆ ಉಮ್ಮಮ್ಮ ಎಂದಳು. ಸರಿ, ಕಲ್ಪನೆ ನಿನ್ನದು, ಪ್ರಬಂಧ ಯಾರದ್ದು ಎಂದೆ. ಕೆಂಪು ಪುಸ್ತಕದ ವಿಷಯ ಹೇಳಿದೆ. ಅವಳ ಬಣ್ಣ ಇಳಿಯಿತು.

“ಉಮ್ಮಮ್ಮ, ನಾನು ಬರೆಯುವ ಮೊದಲು ಇಲ್ಲಿಯೇ ಕೂತು ನಿಮ್ಮನ್ನು ಕೇಳಿದ್ದೆ. ಫೋನಿನಲ್ಲಿ ಉಂಟು. ಹಾಕ್ಲಾ?”

“ಹಾಕು.”

ಹಾಕಿದಳು. ಬಂಗುಡೆ ಹುರಿಯುವ ಸದ್ದು, ಅದರ ಮೇಲೆ ನನ್ನ ಗಂಟಲು. ‘ನನ್ನ ಉಮ್ಮನಿಗೆ ಎಲ್ಲಿಯ ಓದು ಬರಹ, ಅವರಿಗೆ ಎಂತದ್ದೂ ಬರುತ್ತಿರಲಿಲ್ಲ.’ ಎಪ್ಪತ್ತರ ಮುದುಕಿ ಮತ್ತೆ ನಾಲ್ಕನೇ ಕ್ಲಾಸಿನ ಬೆಂಚಿನ ಮೇಲೆಯೇ ಕೂತಿದ್ದಳು. ಇಷ್ಟು ಹೊತ್ತು ಹುಡುಗಿಯ ಮೇಲೆ ಇದ್ದ ಸಿಟ್ಟು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಬಂತು. ಹುಡುಗಿ ನಾನು ಕೊಟ್ಟದ್ದನ್ನೇ ಬರೆದಿದ್ದಳು.

“ನಾಳೆ ಪ್ರೆಸ್ಸಿಗೆ ಕೊಡ್ಲಿಕ್ಕುಂಟು,” ಎಂದಳು. “ಆ ಸಾಲು ತೆಗೆದುಬಿಡ್ತೇನೆ. ಯಾರಿಗೂ ಗೊತ್ತಾಗುದಿಲ್ಲ.”

“ತೆಗೆದ್ರೆ ಸಾಲುದಿಲ್ಲ. ಉಮ್ಮನನ್ನು ಹಾಕ್ಬೇಕು. ಮೊದಲನೆಯವಳು ಅವಳು ಅಂತ.”

“ಹಾಕಿದ್ರೆ ಪುಸ್ತಕ ಎಲ್ಲಿ ಅಂತ ಕೇಳ್ತಾರೆ.”

“ನೀರಿಗೆ ಹೋಯ್ತು ಅಂತ ಬರಿ. ಮಗಳು ನೋಡ್ತಾ ನಿಂತಿದ್ಳು ಅಂತ ಬರಿ.”

“ಮಗಳು ಯಾರು ಅಂತ ಬೇಡ ಉಮ್ಮಮ್ಮ. ಜನ ಬೈತಾರೆ. ನನ್ನ ಕಾಲೇಜಿನವರು ಓದ್ತಾರೆ, ಮಾಮಂದಿರು ಓದ್ತಾರೆ.”

“ಬೈಲಿ. ಹೆಸರು ಹಾಕು.”

ಅವಳು ನೆಲದಲ್ಲಿ ಕೂತು ಕಂಪ್ಯೂಟರ್ ತೆರೆದಳು. ನಾನು ಮೇಲೆ ಕುರ್ಚಿಯಲ್ಲಿ ಕೂತೆ. ಮೇಷ್ಟ್ರ ಪ್ರಶ್ನೆ, ನನ್ನ ಉತ್ತರ, ಜಗಲಿಯ ಹಾಡು, ಮಾಮಿಯ ಮುತ್ತು, ಒಂದೊಂದನ್ನೇ ಹೇಳಿದೆ, ಬರೆದಳು. ಹಾಡು ಬರೆಯುವಾಗ ನಕ್ಕಳು. ಆಮೇಲೆ ನನ್ನ ಮುಖ ನೋಡಿ ಕ್ಷಮಿಸಿ ಎಂದಳು. ನಗಲಿಕ್ಕೆ ಕಟ್ಟಿದ್ದು, ನಗು ಎಂದೆ. ಬೇರೆ ಹಾಡುಗಳು ನೆನಪಿಲ್ಲವಾ ಎಂದು ಕೇಳಿದಳು. ಮಾಮಿಯ ಎರಡು ಸಾಲು, ಮತ್ತೆ ನನ್ನದು. ಒಂದು ಪುಸ್ತಕದಲ್ಲಿ ಉಳಿದದ್ದು ಅಷ್ಟೇ. ಪೂರ್ತಿ ಬರೆದಾದ ಮೇಲೆ ಓದಿ ಹೇಳು ಎಂದೆ. ಚೆನ್ನಾಗಿ ಬರೆಯುತ್ತಾಳೆ, ಅದನ್ನು ಒಪ್ಪಬೇಕು. ಮೇಷ್ಟ್ರ ಕ್ಲಾಸು ಬಂತು, ಜಗಲಿ ಬಂತು, ಹೊಳೆಯ ಹತ್ತಿರ ಬಂದಳು.

“‘ಆ ಪುಸ್ತಕ ನೀರಿಗೆಂದು ಹೊರಟಾಗ ಅವಳ ಮಗಳು, ನನ್ನ ಅಜ್ಜಿ ಖತೀಜ, ಅರಿಯದೆ ಮೌನವಾಗಿ ನಿಂತಿದ್ದಳು.’”

“ನಿಲ್ಲಿಸು,” ಎಂದೆ. “ಅರಿಯದೆ ಅಂತ ಯಾರು ಹೇಳಿದ್ದು?”

“ನೀವು ಆಗ ಸಣ್ಣವರು ಅಲ್ವಾ ಉಮ್ಮಮ್ಮ…”

“ಎರಡು ಮಕ್ಕಳ ತಾಯಿ. ಓದ್ಲಿಕ್ಕೆ ಬರ್ತಿತ್ತು. ಅರಿತೇ ನಿಂತದ್ದು. ಅದನ್ನು ತೆಗಿ.”

ಅವಳು ನನ್ನನ್ನು ನೋಡಿದಳು. ಕೈ ಆ ಪದದ ಹತ್ತಿರ ಹೋಗಿ ನಿಂತಿತು. ನಾನು ಕುರ್ಚಿಯಿಂದ ಇಳಿದು ನೆಲದಲ್ಲಿ ಅವಳ ಪಕ್ಕ ಕೂತೆ, ಕನ್ನಡಕ ಹಾಕಿದೆ, ಪರದೆಯ ಮೇಲೆ ಆ ಪದ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದೆ. ಒಂದೊಂದು ಅಕ್ಷರವಾಗಿ ಅದು ಅಳಿಸಿ ಹೋಗುವ ತನಕ ಬೆರಳು ತೆಗೆಯಲಿಲ್ಲ.